ಕೊಡಲಿ ಎತ್ತದ ಮಕ್ಕಳು



ಬೆಳಗಿನ ಹೊತ್ತು ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನಿಂತು ನೋಡಿ. ಇಸ್ಕೂಲಿಗೆ ಹೋಗೋ ಮಕ್ಕಳ ಬೆನ್ನಿನ ಚೀಲದ ಮೇಲೆ ಸ್ಪೈಡರ್‌ಮ್ಯಾನ್. ನವುಲೆಯ ಕಾಲೇಜಿಗೆ ಹೋಗೋ ಹುಡುಗರ ಎದೆಯ ಮೇಲೆ ಸೂಪರ್‌ಮ್ಯಾನ್. ಅಮೆರಿಕದ ಕಸ ಅಂತ ಮೂಗು ಮುರಿಯುವವರು ನಮ್ಮಲ್ಲೂ ಇದ್ದಾರೆ. ಮೂಗು ಮುರಿದರೆ ಏನೂ ಆಗುವುದಿಲ್ಲ. ಈ ವೀರರು ನಮ್ಮ ಮಕ್ಕಳಿಗೆ ಏನು ಹೇಳಿಕೊಡುತ್ತಿದ್ದಾರೆ, ಪುರಾಣದ ವೀರರು ಏನು ಹೇಳಿಕೊಟ್ಟರು, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಬೇಕು.

ಇಂಥ ಬಹಳಷ್ಟು ಕತೆಗಳಲ್ಲಿ ಒಂದು ಮಾತು ಸಾಮಾನ್ಯ: ಅಪ್ಪ ಮಾಡಿದ್ದು ಮಗನ ತಲೆಗೆ. ಲೋಕವೇ ಸಿಡಿದು ಹೋಗುವಾಗ ಅಪ್ಪ ಕೂಸನ್ನು ಪುಟ್ಟ ನೌಕೆಯಲ್ಲಿ ಹಾಕಿ ಕಳಿಸಿದ, ಅದು ಸೂಪರ್‌ಮ್ಯಾನ್ ಆಯಿತು. ಸಾಕಿದವನು ಒಬ್ಬ ರೈತ. ಬ್ಯಾಟ್‌ಮನ್‌ನ ಕಣ್ಣೆದುರೇ ಅಪ್ಪ ಅಮ್ಮನ ಕೊಲೆಯಾಯಿತು. ಆದರೆ ಅಪ್ಪ ಬಿಟ್ಟುಹೋದ ಬಂಗಲೆ, ದುಡ್ಡು ಇತ್ತು. ಹಾಗಾಗಿ ಅವನ ದುಃಖ ಶಕ್ತಿಯಾಯಿತು. ನಮ್ಮ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್‌ನಲ್ಲಿ 7 ಜನ ದಲಿತರನ್ನು ಸುಟ್ಟರು. 2006ರಲ್ಲಿ ಕೋರ್ಟಿನಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಅಲ್ಲಿ ಉಳಿದವರಿಗೆ ಬಂಗಲೆಯೂ ಇರಲಿಲ್ಲ, ಮುಖವಾಡವೂ ಇರಲಿಲ್ಲ. ದುಃಖವೂ ಆಸ್ತಿಯಿದ್ದವನಿಗೆ ಒಂದು ಥರ, ಇಲ್ಲದವನಿಗೆ ಒಂದು ಥರ.

ಇನ್ನು ಪುರಾಣಕ್ಕೆ ಬನ್ನಿ. ಭೀಮ ಕಾಡಿನ ಹಿಡಿಂಬೆಯನ್ನು ಕೂಡಿದ, ಮಗ ಹುಟ್ಟಿದ ಮೇಲೆ ಬಿಟ್ಟು ನಡೆದ. ರಾಜ್ಯದಲ್ಲಿ ಆ ಮಗನಿಗೆ ಪಾಲು ಕೊಟ್ಟರೆ? ಇಲ್ಲ. ಯುದ್ಧ ಬಂದಾಗ ನೆನಪಾಯಿತು. ಅರ್ಜುನನಿಗೆ ಬೀಳಬೇಕಿದ್ದ ಕರ್ಣನ ಶಕ್ತ್ಯಾಯುಧ ಘಟೋತ್ಕಚನಿಗೆ ಬಿತ್ತು. ಪಾಂಡವರು ಅಳುತ್ತಿದ್ದರೆ ಕೃಷ್ಣ ಕುಣಿದ. ಇವನು ಯಜ್ಞದ್ವೇಷಿ, ಕರ್ಣ ಕೊಲ್ಲದಿದ್ದರೆ ನಾನೇ ಕೊಲ್ಲಬೇಕಾಗಿತ್ತು ಅಂದ. ಇದು ನಾವು ಕಟ್ಟಿದ ಮಾತಲ್ಲ, ವ್ಯಾಸಭಾರತದಲ್ಲೇ ಇದೆ. ನಾಗಕನ್ಯೆ ಉಲೂಪಿಯ ಮಗ ಇರಾವಂತನೂ ಅದೇ ಯುದ್ಧದಲ್ಲಿ ಸತ್ತ. ಕಾಡಿನ ತಾಯಂದಿರ ಮಕ್ಕಳು ಸೌದೆ, ಅರಮನೆಯವರು ಚಳಿ ಕಾಯಿಸಿಕೊಳ್ಳುವವರು.

ಕರ್ಣನನ್ನು ಬಿಲ್ಲುವಿದ್ಯೆಯಲ್ಲಿ ಸೋಲಿಸಲಾಗದೆ ಕುಲ ಕೇಳಿದರು. ಅಷ್ಟರಲ್ಲಿ ಸಾಕಿದಪ್ಪ ಅಧಿರಥ ನಡುಗುತ್ತಾ ಬಂದ. ಕರ್ಣ ಬಿಲ್ಲು ಕೆಳಗಿಟ್ಟು ತುಂಬಿದ ಸಭೆಯಲ್ಲಿ ಆ ಸೂತನಿಗೆ ತಲೆಬಾಗಿದ. ನಾಚಲಿಲ್ಲ. ಇವತ್ತು ದೊಡ್ಡ ಕಾಲೇಜು ಸೇರಿದ ಮೇಲೆ ಗಾರೆ ಕೆಲಸದ ಅಪ್ಪ ಹಾಸ್ಟೆಲ್ ಬಾಗಿಲಿಗೆ ಬಂದರೆ ಮುಖ ತಿರುಗಿಸುವ ನಮ್ಮ ಹುಡುಗರು ಇದನ್ನೊಂದು ಕಲಿಯಬೇಕು.

1977ರಲ್ಲಿ ‘ಬಭ್ರುವಾಹನ’ ಸಿನಿಮಾ ಬಂತು. ಅಪ್ಪ ಅರ್ಜುನನೂ ರಾಜಕುಮಾರ್, ಮಗನೂ ರಾಜಕುಮಾರ್. ಈ ಕತೆ ಜೈಮಿನಿ ಭಾರತದಲ್ಲಿ ಇದೆ. ಯಜ್ಞದ ಕುದುರೆ ಒಪ್ಪಿಸಿ ಕಾಲಿಗೆ ಬಿದ್ದ ಮಗನನ್ನು ಅರ್ಜುನ ಒದ್ದ, ಹುಟ್ಟನ್ನೇ ಹಂಗಿಸಿದ. ಆಗ ಮಗ ಎದ್ದು ನಿಂತ. ಅಪ್ಪನ ಎದುರು ನಿಂತ ಮಗನಿಗೆ ಕನ್ನಡದ ಜನ ಮನಸಾರೆ ಚಪ್ಪಾಳೆ ಹೊಡೆದರು. ಆದರೆ ಕತೆ ಅವನನ್ನು ಅಲ್ಲಿ ನಿಲ್ಲಿಸುವುದಿಲ್ಲ. ಅಪ್ಪನನ್ನು ಬದುಕಿಸಿ, ರಾಜಿ ಮಾಡಿಸಿ, ಕುದುರೆಯ ಹಿಂದೆ ಕಳಿಸುತ್ತದೆ. ಯಜ್ಞ ನಿಲ್ಲಲಿಲ್ಲ ನೋಡಿ!

ಎಲ್ಲಕ್ಕಿಂತ ಕ್ರೂರ ಪರಶುರಾಮನ ಕತೆ. ಜಮದಗ್ನಿ ತಾಯಿಯನ್ನು ಕಡಿ ಅಂದ. ನಾಲ್ವರು ಅಣ್ಣಂದಿರು ಕೊಡಲಿ ಎತ್ತಲಿಲ್ಲ. ಅವರಿಗೆ ಬುದ್ಧಿಗೆಟ್ಟು ಪಶುಗಳಂತಾಗುವ ಶಾಪ. ಕಡಿದವನಿಗೆ ವರ, ಕಡಿದವನಿಗೆ ಅವತಾರದ ಪಟ್ಟ. ತಾಯಿಯನ್ನು ಕಡಿಯದ ಆ ನಾಲ್ವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಹೇಳಿ.

ಇದು ಬರೀ ಕತೆ ಅನ್ನಬೇಡಿ. ಅದೇ ರೇಣುಕೆಯ ಹೆಸರಿನಲ್ಲಿ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ನಡೆಯುತ್ತಿತ್ತು. ಎಷ್ಟೋ ಮನೆಗಳಲ್ಲಿ ಹರಕೆ ಹಿರಿಯರದು, ತೀರಿಸುವ ಮೈ ಮಗಳದು. ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿ ಇದರ ವಿರುದ್ಧ ನಿಂತಿತು. 1986ರಲ್ಲಿ ತಡೆಯಲು ಹೋದವರಿಗೆ ಏಟು ಬಿತ್ತು, ಪೊಲೀಸರನ್ನೂ ಬೆತ್ತಲೆ ಮಾಡಿದರು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಕೊಡಲಿ ಎತ್ತುವುದಿಲ್ಲ ಅಂದ ಮಕ್ಕಳ ಕೆಲಸ ಅದು.

ಈಗ 2018ರ ‘ಬ್ಲ್ಯಾಕ್ ಪ್ಯಾಂಥರ್’ ಸಿನಿಮಾ ತೆಗೆದುಕೊಳ್ಳಿ. ಕಪ್ಪು ಜನರ ರಾಜ್ಯ ವಕಾಂಡ. ಅದರ ದೊರೆ ಅಮೆರಿಕದ ಓಕ್ಲೆಂಡಿನಲ್ಲಿ ತನ್ನ ತಮ್ಮನನ್ನೇ ಕೊಂದು, ತಮ್ಮನ ಮಗನನ್ನು ಅನಾಥ ಮಾಡಿ, ಗುಟ್ಟು ಮುಚ್ಚಿಟ್ಟ. ಓಕ್ಲೆಂಡ್ ಅಂದರೆ ಯಾವುದು? 1966ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿದ ಊರು. ಆ ಹೆಸರಿನ ಕಿಡಿಯೇ 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಆಯಿತು. ಬಿಟ್ಟುಬಂದ ಹುಡುಗ ಬೆಳೆದು ಬೆಂಕಿಯಾಗಿ ವಕಾಂಡಕ್ಕೆ ಬರುತ್ತಾನೆ, ಕಡೆಗೆ ಸಾಯುತ್ತಾನೆ. ಅವನನ್ನು ಸಾಯಿಸಿದ್ದು ಆ ಕತೆಯ ಕೊರತೆ. ಆದರೆ ಒಂದು ದೊಡ್ಡ ಕೆಲಸ ಆ ಕತೆ ಮಾಡಿದೆ. ದೊರೆಯ ಮಗ ಸತ್ತ ಅಪ್ಪನ ಎದುರು ನಿಂತು ನೀನು ಮಾಡಿದ್ದು ತಪ್ಪು ಅನ್ನುತ್ತಾನೆ, ಬಾಗಿಲು ಮುಚ್ಚಿದ್ದ ರಾಜ್ಯವನ್ನು ತೆರೆಯುತ್ತಾನೆ. ಪಿತೃವಾಕ್ಯ ಪರಿಪಾಲನೆಯೇ ಧರ್ಮ ಅನ್ನುವ ಕತೆಗಳಲ್ಲಿ ಈ ಮಾತು ಎಲ್ಲಿದೆ?

ಆ ಮಾತು ನಮ್ಮಲ್ಲಿ ಒಬ್ಬ ಹುಡುಗ ಆಡಿದ್ದ. ಅವನ ಹೆಸರು ಭೀಮರಾವ್. ಅಪ್ಪ ರಾಮ್‌ಜಿ ಸಕ್ಪಾಲರು ಮದುವೆಯಾದ ಮಗಳ ಒಡವೆ ಅಡವಿಟ್ಟು ಮಗನಿಗೆ ಪುಸ್ತಕ ತಂದವರು. ಅಸ್ಪೃಶ್ಯ ಅನ್ನೋ ಕೀಳರಿಮೆ ಹೋಗಲಿ, ಚಿಕ್ಕವರಾಗಿದ್ದ ದ್ರೋಣ, ಕರ್ಣ ಎಷ್ಟು ಎತ್ತರಕ್ಕೆ ಬೆಳೆದರು ನೋಡಲಿ ಅಂತ ರಾಮಾಯಣ ಮಹಾಭಾರತ ಓದಿಸಿದರು. ಮಗ ಒಪ್ಪಲಿಲ್ಲ. ಭೀಷ್ಮ ದ್ರೋಣರು ಹೇಳುವುದೊಂದು ಮಾಡುವುದೊಂದು, ಕೃಷ್ಣನದು ಮೋಸ, ರಾಮನ ನಡತೆಯೂ ಹಿಡಿಸಲಿಲ್ಲ ಅಂದುಬಿಟ್ಟ. ಅಪ್ಪ ಏನು ಮಾಡಿದರು? ಹೊಡೆಯಲಿಲ್ಲ. ಶಾಪ ಹಾಕಲಿಲ್ಲ. ಸುಮ್ಮನಾದರು. ಮಗನೊಳಗೆ ಬಂಡಾಯ ಇದೆ ಅಂತ ಅವರಿಗೆ ತಿಳಿದಿತ್ತು. ಇದನ್ನು ಬಾಬಾಸಾಹೇಬರೇ 1956ರಲ್ಲಿ ತಮ್ಮ ಬುದ್ಧನ ಪುಸ್ತಕಕ್ಕಾಗಿ ಬರೆದ ಮುನ್ನುಡಿಯಲ್ಲಿ ಹೇಳಿದ್ದಾರೆ. ಆ ಮೌನ ಜಮದಗ್ನಿಯ ಶಾಪಕ್ಕಿಂತ ದೊಡ್ಡದು.

ಅಪ್ಪಂದಿರೇ, ಈಗ ನಮ್ಮ ಮನೆ ನೋಡಿಕೊಳ್ಳೋಣ. ಸಭೆಯಲ್ಲಿ ಮನುವಿಗೆ ಧಿಕ್ಕಾರ, ಮನೆಯಲ್ಲಿ ಹೆಂಡತಿಗೆ ಏಟು. ವೇದಿಕೆಯಲ್ಲಿ ನಾವೆಲ್ಲ ಒಂದು, ಮಗಳ ಮದುವೆಗೆ ಎಡಗೈ ಬಲಗೈ. ಯಾಕೆ ಅಂತ ಮಗ ಕೇಳಿದರೆ ಅಪ್ಪನಿಗೇ ಎದುರಾಡ್ತೀಯೇನೋ ಅಂತೀವಿ. ಅಲ್ಲಿಗೆ ಕೊಡಲಿ ಮಗನ ಕೈಗೆ ಕೊಟ್ಟ ಹಾಗಾಯಿತು. ಜಾತಿ ಅಂದರೆ ಅಪ್ಪನಿಂದ ಮಗನಿಗೆ ಇಳಿಯುವ ಕಸುಬು, ಅಪಮಾನ, ಹಣೆಬರಹ. ಅದು ಇಳಿಯುವುದನ್ನು ನಿಲ್ಲಿಸಬೇಕಾದ ಮೊದಲ ಜಾಗ ನಮ್ಮ ಜಗಲಿ.

ಮಕ್ಕಳು ಸಿನಿಮಾ ನೋಡಲಿ, ಭಾರತವನ್ನೂ ಓದಲಿ. ಘಟೋತ್ಕಚನಿಗೆ ಪಾಲು ಯಾಕೆ ಕೊಡಲಿಲ್ಲ ಅಂತ ಕೇಳಲಿ. ನೀನ್ಯಾಕಪ್ಪ ಅಮ್ಮನ್ನ ಹೊಡೀತೀಯ ಅಂತಲೂ ಕೇಳಲಿ. ಮುಂದಿನ ಸಭೆಗೆ ಅವರನ್ನೂ ಕರಕೊಂಡು ಬನ್ನಿ. ಒಂದು ದಿನ ಅವರು ಮಾತಾಡಲಿ, ನಾವು ನೆಲದ ಮೇಲೆ ಕೂತು ಕೇಳಿಸಿಕೊಳ್ಳೋಣ.