ಜಾಮಿಗೆ ಅಪರಾಧಿ ಬೇಕೇಬೇಕಾ?

ಹೈವೇಯಲ್ಲಿ ಜಾಮ್ ಆದ ಕೂಡಲೇ "ಮುಂದೆ ಯಾವನೋ ಗುದ್ದಿರಬೇಕು" ಅಂತ ಬೈಯುವವರೇ, ಸ್ವಲ್ಪ ಕೇಳಿ. ಯಾರೂ ಗುದ್ದದೆಯೂ ಜಾಮ್ ಆಗುತ್ತೆ!

1992ರಲ್ಲಿ ಜರ್ಮನಿಯ ನಾಗೆಲ್ ಮತ್ತು ಶ್ರೆಕೆನ್‌ಬರ್ಗ್ ಒಂದು ಪುಟ್ಟ ಮಾಡೆಲ್ ಕೊಟ್ಟರು. ಚೌಕಾಬಾರದ ಹಾಗೆ ರಸ್ತೆಗೆ ಮನೆಗಳು, ಒಂದೊಂದೂ 7.5 ಮೀಟರ್. ಪ್ರತಿ ಕಾರಿಗೂ ನಾಲ್ಕೇ ನಿಯಮ: ವೇಗ ಹೆಚ್ಚಿಸು, ಮುಂದಿನ ಕಾರಿಗೆ ತಾಗದಷ್ಟು ತಗ್ಗಿಸು, ಆಗೊಮ್ಮೆ ಈಗೊಮ್ಮೆ ಸುಮ್ಮಸುಮ್ಮನೆ ನಿಧಾನಿಸು, ಮುಂದೆ ಸಾಗು. ಮೂರನೆಯದು ದಾಳ ಹಾಕಿದ ಹಾಗೆ, ಬರೀ ಸಂಭವನೀಯತೆ. ಅದನ್ನು ಸೊನ್ನೆ ಮಾಡಿ, ತಾನಾಗಿ ಹುಟ್ಟುವ ಜಾಮ್ ಮಾಯ! ಮತ್ತೆ ಸೇರಿಸಿ, ಕಾರುಗಳು ದಟ್ಟವಾದೊಡನೆ ಜಾಮ್ ಹುಟ್ಟಿ ಹಿಂದಕ್ಕೆ ತೆವಳುತ್ತೆ.

ಕಂಪ್ಯೂಟರ್ ಆಟ ಅಂತೀರಾ? 2008ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗ ನೋಡಿ. 230 ಮೀಟರಿನ ವೃತ್ತ, 22 ಕಾರು. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಓವರ್‌ಟೇಕ್ ಇಲ್ಲ. ಆದರೂ ಜಾಮ್.. ಅದೂ ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಹಿಂದಕ್ಕೆ ಸರಿಯುತ್ತಾ!

ಹಾಗಾಗಿ ಸ್ವಾಮಿ, "ಆ ಪೆದ್ದ ಡ್ರೈವರ್" ಅನ್ನುವ ಪುರಾಣ ಸಾಕು. ಬ್ರೇಕ್ ಒತ್ತುವ ಕಾಲು ಎಲ್ಲರಿಗೂ ಇದೆ. ಚಿಕ್ಕ ಬ್ರೇಕು ಹಿಂದಿನವರ ಮೇಲೆ ಬೆಳೆಯುತ್ತಾ ಹೋಗುವುದು ಕಾರುಗಳ ನಡುವೆ ಜಾಗ ಇಲ್ಲದಾಗ. ಮುಂದಿನವನ ಬಾಲ ಕಚ್ಚಿಕೊಂಡು ಓಡಿಸುತ್ತಾ ಅವನನ್ನೇ ಬೈಯುವುದು ಯಾವ ನ್ಯಾಯ? ನೀವೇನಂತೀರಿ?