ಮೊದಲು ಪಿಸ್ಟನ್, ಆಮೇಲೆ ಬೋರ್
ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. 1961ರಿಂದ ಅಲ್ಲಿ ತಯಾರಾಗಿ ಬಂದ ಜಾವಾ, ಯೆಜ್ಡಿ ಬೈಕುಗಳು ಮಾತ್ರ ನಮ್ಮ ರಸ್ತೆಗಳಲ್ಲಿ ಇನ್ನೂ ಓಡುತ್ತಿವೆ. ಗೇರ್ ಲಿವರನ್ನೇ ಹಿಂದಕ್ಕೆ ತಿರುಗಿಸಿ ಕಿಕ್ಕರ್ ಮಾಡಿಕೊಳ್ಳುವ ಆ ಗಾಡಿಯನ್ನು ಅಪ್ಪನ ನೆನಪಿಗೆಂದು ಉಳಿಸಿಕೊಂಡವರಿಗೆ ಗೊತ್ತು, ಒಂದು ಬಿಡಿಭಾಗಕ್ಕಾಗಿ ಎಷ್ಟು ಅಂಗಡಿಗಳ ಮೆಟ್ಟಿಲು ಹತ್ತಬೇಕೆಂದು. ಕೇಬಲ್, ಬ್ರೇಕ್ ಶೂ, ರಬ್ಬರುಗಳು ಹೇಗೋ ಸಿಗುತ್ತವೆ. ಕಷ್ಟವಿರುವುದು ಎಂಜಿನ್ನಿನ ಒಳಗೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಕ್ರ್ಯಾಂಕ್‌ಕೇಸಿನ ಮೂಲಕವೇ ಸಿಲಿಂಡರಿಗೆ ಹೋಗುತ್ತದೆ. ಅಲ್ಲಿನ ಆಯಿಲ್ ಸೀಲ್ ಸವೆದರೆ ಹೊರಗಿನ ಗಾಳಿ ನುಗ್ಗಿ, ಮಿಶ್ರಣ ತೆಳುವಾಗಿ, ಪಿಸ್ಟನ್ ಕಾದು ಸೀಜ್ ಆಗುತ್ತದೆ. ಆಗ ಅವಸರಪಟ್ಟು ಸಿಲಿಂಡರ್ ಬೋರ್ ಮಾಡಿಸಬೇಡಿ. ಓವರ್‌ಸೈಜ್ ಪಿಸ್ಟನ್ ಮೊದಲು ಕೈಗೆ ಬರಲಿ, ಆಮೇಲೆ ಅದರ ಅಳತೆಗೆ ಬೋರ್ ಆಗಲಿ. ಹಳೆಯ ಭಾಗವನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಸವೆದದ್ದನ್ನೂ ಗುಜರಿಗೆ ಹಾಕಬೇಡಿ. ಹೊಸದು ಎಲ್ಲೂ ಸಿಗದಿದ್ದಾಗ ಲೇತ್ ಕೆಲಸದವರಿಗೆ ಅದೇ ಮಾದರಿ. 2018ರಲ್ಲಿ ಜಾವಾ ಹೆಸರು ಮಾರುಕಟ್ಟೆಗೆ ಮರಳಿತು ನಿಜ, ಆದರೆ ಅದರ ಫೋರ್ ಸ್ಟ್ರೋಕ್ ಎಂಜಿನ್ನಿನ ಭಾಗಗಳು ಈ ಹಳೆಯ ಎಂಜಿನ್ನಿಗೆ ಹೊಂದುವುದಿಲ್ಲ. ಹಾಗಾಗಿ ಬಿಡಿಭಾಗದಷ್ಟೇ ಜೋಪಾನವಾಗಿ ಉಳಿಸಿಕೊಳ್ಳಬೇಕಾದದ್ದು ಇನ್ನೊಂದಿದೆ: ಸದ್ದು ಕೇಳಿಯೇ ದೋಷ ಹೇಳುವ ಹಿರಿಯ ಮೆಕ್ಯಾನಿಕ್‌ಗಳ ವಿದ್ಯೆ. ಪ್ರತಿ ಗ್ಯಾರೇಜಿನಲ್ಲೂ ಅವರ ಪಕ್ಕ ಒಬ್ಬ ಹುಡುಗ ಕೂತು ಕಲಿಯಲಿ. ಮೈಸೂರು ಮಾಡಿದ ಗಾಡಿ ಮುಂದಿನ ತಲೆಮಾರಿಗೂ ಕಿಕ್ ಹೊಡೆದರೆ ಸ್ಟಾರ್ಟ್ ಆಗಲಿ.