‘ಬರೀ ಇಎಂಐ ಕಟ್ಟಿ, ಕೆಲಸ ಗ್ಯಾರಂಟಿ’ ಅಂದ್ರೆ ಒಟಿಪಿ ಹೇಳೋ ಮುಂಚೆ ಇದನ್ನೊಮ್ಮೆ ಓದಿ

ರಾಣೆಬೆನ್ನೂರು: ಪದವಿ ಫಲಿತಾಂಶ ಬಂತು ಅಂದ್ರೆ ಸಾಕು, ಫೋನ್ ಶುರುವಾಗುತ್ತೆ. ‘ಸರ್, ನಿಮ್ಮ ಮಗನಿಗೆ ಡೇಟಾ ಸೈನ್ಸ್ ಕೋರ್ಸ್. ಆರೇ ತಿಂಗಳು. ಈಗ ಏನೂ ಕಟ್ಟೋದು ಬೇಡ, ತಿಂಗಳಿಗಿಷ್ಟು ಇಎಂಐ. ಕೆಲಸ ಗ್ಯಾರಂಟಿ.’ ಅಂಗಡೀಲಿ ಗಿರಾಕಿಗಳ ನಡುವೆ ನಿಂತ ಅಪ್ಪ ಆಧಾರ್, ಪಾನ್ ಫೋಟೊ ಕಳಿಸ್ತಾರೆ, ಬಂದ ಒಟಿಪಿ ಹೇಳ್ತಾರೆ. ಮಗನ ಫೀ ಕಟ್ಟಿದೆ ಅಂದ್ಕೋತಾರೆ. ಎಷ್ಟೋ ಸಲ ನಿಜಕ್ಕೂ ಆಗಿರೋದು ಅವರ ಹೆಸರಲ್ಲಿ ಒಂದು ಸಾಲ.

ಕಂಪ್ಯೂಟರ್ ಕೌಶಲ ಬೇಗ ಕಲಿಯಬೇಕು ಅನ್ನೋ ಆಸೆ ತಪ್ಪಲ್ಲ. ಆದರೆ ಯಾವ ಕೋರ್ಸ್ ಅಂತ ನೋಡೋ ಮುಂಚೆ, ರೊಕ್ಕ ಯಾರಿಗೆ, ಹೇಗೆ ಹೋಗುತ್ತೆ ಅಂತ ನೋಡಬೇಕು.

ಕೋರ್ಸ್ ನಿಂತರೂ ಕಂತು ನಿಲ್ಲಲ್ಲ

ಇಂಥ ವ್ಯವಹಾರದಲ್ಲಿ ಇಬ್ಬರಿರ್ತಾರೆ. ಪಾಠ ಹೇಳೋ ಕಂಪನಿ ಒಂದು, ಸಾಲ ಕೊಡೋ ಸಂಸ್ಥೆ ಇನ್ನೊಂದು. ಪೂರ್ತಿ ಫೀ ಮೊದಲೇ ಕಂಪನಿ ಕೈ ಸೇರಿರುತ್ತೆ. ಎರಡನೇ ತಿಂಗಳಿಗೆ ಪಾಠ ಅರ್ಥವಾಗದೆ ಹುಡುಗ ಬಿಟ್ಟರೂ ಸಾಲ ಕೊಟ್ಟವರು ಕಂತು ಕೇಳ್ತಾನೇ ಇರ್ತಾರೆ. ಕಟ್ಟದಿದ್ದರೆ ಸಿಬಿಲ್ ಸ್ಕೋರ್ ಬೀಳುತ್ತೆ. ಮುಂದೆ ಹಬ್ಬದ ಸೀಸನ್‌ಗೆ ಮಾಲು ತುಂಬಿಸಲು ಅಪ್ಪ ಬ್ಯಾಂಕಿಗೆ ಹೋದಾಗ ಅದೇ ಅಡ್ಡ ಬರುತ್ತೆ.

‘ಶೂನ್ಯ ಬಡ್ಡಿ’ ಮಾತನ್ನೂ ನಂಬಬೇಡಿ. ಶೂನ್ಯ ಬಡ್ಡಿ ಅನ್ನೋದು ಇಲ್ಲ, ಬಡ್ಡಿ ಬೇರೆ ಶುಲ್ಕದ ರೂಪದಲ್ಲಿ ಅಡಗಿರುತ್ತೆ ಅಂತ ಆರ್‌ಬಿಐ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಮೊಬೈಲ್‌ನಲ್ಲಿ ಕೊಡೋ ಸಾಲಕ್ಕೂ 2022ರಲ್ಲಿ ನಿಯಮ ಬಂತು. ಒಟ್ಟು ವೆಚ್ಚ ಎಷ್ಟು, ಬೇಡವಾದರೆ ಎಷ್ಟು ದಿನದೊಳಗೆ ದಂಡವಿಲ್ಲದೆ ಸಾಲ ವಾಪಸ್ ಮಾಡಬಹುದು ಅನ್ನೋದನ್ನ ಸಾಲ ಕೊಡೋರು ಲಿಖಿತವಾಗಿ ತಿಳಿಸಲೇಬೇಕು. ಆ ಪತ್ರ ಕೇಳಿ ತಗೊಳ್ಳಿ.

ಯುವನಿಧಿಯಲ್ಲಿ ಕೆಲಸವಿಲ್ಲದ ಪದವೀಧರರಿಗೆ ಸರ್ಕಾರ ಕೊಡೋದು ತಿಂಗಳಿಗೆ 3,000 ರೂಪಾಯಿ, ಅದೂ ಗರಿಷ್ಠ ಎರಡು ವರ್ಷ. ಇಎಂಐ ಅದಕ್ಕಿಂತ ಹೆಚ್ಚಾದರೆ ಉಳಿದದ್ದು ಗಲ್ಲಾಪೆಟ್ಟಿಗೆಯಿಂದಲೇ ಹೋಗಬೇಕು.

ಪುಕ್ಕಟೆಯಾಗಿ ಏನು ಸಿಗುತ್ತೆ?

ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಪಾಠಗಳನ್ನ ಉಚಿತವಾಗಿ ನೋಡಬಹುದು. ಹತ್ತು ನಿಮಿಷದ ಆಸುಪಾಸಿನ ವಿಡಿಯೊ. ನೋಡ್ತಾ ನೋಡ್ತಾ ಪಕ್ಕದಲ್ಲೇ ಮಾಡಿ ಕಲಿಯೋ ಪದ್ಧತಿ. ಎಲ್ಲ ಪಾಠ ಅಲ್ಲದಿದ್ದರೂ ಹಲವು ಪಾಠ ಕನ್ನಡದಲ್ಲೇ ಇವೆ. ಇಂಗ್ಲಿಷ್ ಅಂದ್ರೆ ಹಿಂಜರಿಯೋರು ಇಲ್ಲಿಂದ ಶುರು ಮಾಡಬಹುದು.

ಕೇಂದ್ರ ಸರ್ಕಾರದ ‘ಸ್ವಯಂ’ನಲ್ಲಿ ಐಐಟಿ ಪ್ರಾಧ್ಯಾಪಕರ ಪಾಠ ಉಚಿತ. ಅದರಲ್ಲಿ ಎನ್‌ಪಿಟೆಲ್ ಕೋರ್ಸ್‌ಗಳು 4, 8 ಅಥವಾ 12 ವಾರದವು. ಪ್ರಮಾಣಪತ್ರ ಬೇಕಾದರೆ ಮಾತ್ರ ಪರೀಕ್ಷಾ ಶುಲ್ಕ, ಹೆಚ್ಚುಕಡಿಮೆ ಸಾವಿರ ರೂಪಾಯಿ. ಪರೀಕ್ಷೆಯನ್ನ ಕೇಂದ್ರಕ್ಕೇ ಹೋಗಿ ಬರೀಬೇಕು, ಅದಕ್ಕೇ ಆ ಪತ್ರಕ್ಕೆ ಬೆಲೆ. ವೆಬ್‌ಸೈಟ್ ಮಾಡೋದು ಕಲಿಯೋಕೆ ‘ಫ್ರೀಕೋಡ್‌ಕ್ಯಾಂಪ್’ ಇದೆ. ಅಲ್ಲಿ ಪ್ರಮಾಣಪತ್ರವೂ ಉಚಿತ, ಪಾಠ ಮಾತ್ರ ಇಂಗ್ಲಿಷಿನಲ್ಲಿ.

ಪುಕ್ಕಟೆ ಕೋರ್ಸಿನ ದೊಡ್ಡ ತೊಂದರೆ ಅಂದ್ರೆ ಎಬ್ಬಿಸೋರು ಇರಲ್ಲ, ಡೌಟ್ ಹೇಳೋರು ಇರಲ್ಲ. ಅರ್ಧಕ್ಕೆ ಬಿಡೋರು ಬಹಳ. ಇಬ್ಬರು ಮೂವರು ಗೆಳೆಯರು ಸೇರಿ ದಿನಕ್ಕೊಂದು ಗಂಟೆ ಕೂತರೆ ಆ ಕೊರತೆ ಅರ್ಧ ನೀಗುತ್ತೆ. ಇನ್ನೊಂದು ಮಾತು: ಬರೀ ಮೊಬೈಲ್‌ನಲ್ಲಿ ಕೋಡಿಂಗ್ ಕೈಗೆ ಹತ್ತಲ್ಲ. ಖರ್ಚು ಮಾಡಲೇಬೇಕು ಅಂದ್ರೆ ಮೊದಲು ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಳ್ಳಿ.

ಒಂದು ತಿಂಗಳ ಪರೀಕ್ಷೆ

ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರಿನ ಹತ್ತು ಕೆಲಸದ ಜಾಹೀರಾತು ನೋಡಿ. ಮತ್ತೆ ಮತ್ತೆ ಬರೋ ಕೌಶಲ ಯಾವುದು ಅಂತ ಬರಕೊಳ್ಳಿ. ಟ್ಯಾಲಿ ಜತೆ ಜಿಎಸ್‌ಟಿನೋ, ಎಕ್ಸೆಲ್ಲೋ, ಪೈಥಾನೋ, ಒಂದನ್ನ ಆರಿಸಿ ತಿಂಗಳು ಪೂರ್ತಿ ಪುಕ್ಕಟೆ ಕಲೀರಿ. ಕೊನೆಗೆ ನಿಮ್ಮದೇ ಅಂಗಡಿಯ ಸ್ಟಾಕ್ ಮತ್ತು ಉದ್ರಿ ಲೆಕ್ಕ ಕಂಪ್ಯೂಟರ್‌ಗೆ ಏರಿಸಿ ನೋಡಿ. ಅದು ಸರಿಯಾಗಿ ನಡೆದರೆ ಮಗನಿಗೆ ಕೈ ಕೂತಿದೆ ಅಂತ ಅರ್ಥ. ಸಂದರ್ಶನದಲ್ಲಿ ತೋರಿಸೋಕೆ ಒಂದು ಕೆಲಸವೂ ಆಯ್ತು.

ಆಮೇಲೂ ರೊಕ್ಕ ಕೊಟ್ಟು ಕಲಿಯೋದಾದರೆ ಮೂರು ಪ್ರಶ್ನೆ ಕೇಳಿ. ರಿಫಂಡ್ ನಿಯಮ ಬರವಣಿಗೆಯಲ್ಲಿ ಇದೆಯಾ? ಇಲ್ಲಿ ಕಲಿತು ಕೆಲಸ ಸಿಕ್ಕ ಇಬ್ಬರ ಜತೆ ನಾವೇ ಮಾತಾಡಬಹುದಾ? ಪೂರ್ತಿ ಸಾಲ ಬಿಟ್ಟು ತಿಂಗಳ ಲೆಕ್ಕದಲ್ಲಿ ಫೀ ಕಟ್ಟಬಹುದಾ? ‘ಇವತ್ತೇ ಕೊನೇ ದಿನ’ ಅನ್ನೋ ಉತ್ತರ ಬಂದರೆ ಫೋನ್ ಇಟ್ಟುಬಿಡಿ.

ಕೋಚಿಂಗ್ ಜಾಹೀರಾತುಗಳಲ್ಲಿ ಕೆಲಸದ ಸುಳ್ಳು ಭರವಸೆ ಕೊಡೋದನ್ನ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ನಿಷೇಧಿಸಿದೆ. ಮೋಸ ಆಗಿದೆ ಅನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಫೋನಿನಲ್ಲಿ ಹೇಳಿದ ಭರವಸೆಯನ್ನ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿ ಅಂತ ಅವತ್ತೇ ಕೇಳಿಟ್ಟುಕೊಳ್ಳಿ, ದೂರು ಕೊಡುವಾಗ ಕೈಯಲ್ಲಿ ದಾಖಲೆ ಇರುತ್ತೆ.